ಹಿಂದಿನ ಕೋಣೆಯ ಪಥ್ಯ

ಡಾಕ್ಟರು ಹತ್ತಿಯನ್ನು ಬೆರಳಲ್ಲಿ ಹೊಸೆದು ಬತ್ತಿ ಮಾಡಿಕೊಂಡು, "ಕಣ್ಣು ಮುಚ್ಚು. ನಾನು ಮುಟ್ಟಿದ ಕೂಡಲೇ ಹೌದು ಅಂತ ಹೇಳು," ಎಂದರು. ಸುಂದರಿ ಕಣ್ಣು ಮುಚ್ಚಿದಳು. ಅವರು ಕೈ ಎತ್ತುವುದಕ್ಕೂ ಮೊದಲೇ "ಹೌದು" ಎಂದಳು.

"ಇನ್ನೂ ಮುಟ್ಟಲಿಲ್ಲ ನಾನು."

"ಹೌದು," ಎಂದಳು ಮತ್ತೆ. "ಹೌದು, ಹೌದು."

"ಎಂತದು ಮಾರಾಯ್ತಿ! ಮುಟ್ಟದೆ ಇದ್ದಾಗಲೂ ಹೌದು ಹೌದು ಅಂದ್ರೆ ನಾನು ಎಂತ ತಿಳ್ಕೊಳ್ಳುವುದು?"

ಗದರಿದ್ದು ಸಣ್ಣಕ್ಕೇ. ಆದರೆ ಮಡಂತ್ಯಾರಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಮೈಮೇಲೆಲ್ಲ ಬಳೆಯಂತಹ ಕೆಂಪು ಕಲೆ ಎದ್ದು ಕೂತ ಹೆಂಗಸಿಗೆ ಸಣ್ಣ ಗದರಿಕೆ ಅಂತ ಒಂದು ಇರುತ್ತದೆಯೇ? ಸುಂದರಿಯ ಬಾಯಿ ಹೊಲಿದ ಹಾಗಾಯಿತು. ಡಾಕ್ಟರು ತೋಳಿನ ಕಲೆಯ ಮೇಲೆ ಹತ್ತಿ ಎಳೆದರು, ಬೆನ್ನಿನ ಮೇಲೆ ಎಳೆದರು, ಮೊಣಕೈ ಹತ್ತಿರ ಒತ್ತಿಯೇ ಎಳೆದರು. ಅವಳು ಹೂಂ ಇಲ್ಲ, ಹಾಂ ಇಲ್ಲ. ಮುಚ್ಚಿದ ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು. ಡಾಕ್ಟರು ಆ ನೀರನ್ನು ನೋಡಲಿಲ್ಲ, ಕಲೆಯನ್ನು ನೋಡುತ್ತಿದ್ದರು. ಕೊನೆಗೆ ಹತ್ತಿಯನ್ನು ಬಿಸಾಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಪಕ್ಕದ ಮಂಚದಲ್ಲಿದ್ದ ನೀಲಾವತಿ ಆ ಕನ್ನಡಕ ಒರೆಸುವುದನ್ನೇ ನೋಡುತ್ತಿದ್ದಳು. ಮುಂದಿನ ಸರದಿ ಅವಳದ್ದು. ಅವಳು ಏನು ಮಾಡಿದಳು ಗೊತ್ತೇ? ಕಣ್ಣು ಮುಚ್ಚಿದಳು, ಆದರೆ ಪೂರ್ತಿ ಮುಚ್ಚಲಿಲ್ಲ. ರೆಪ್ಪೆಯ ಸಂದಿಯಲ್ಲಿ ಡಾಕ್ಟರ ಕೈ ಕಾಣುವಷ್ಟು ಬಿಟ್ಟುಕೊಂಡಳು. ಕೈ ತೋಳಿಗೆ ತಾಗಿದಾಗ "ಹೌದು" ಎಂದಳು, ದೂರ ನಿಂತಾಗ ಸುಮ್ಮನಿದ್ದಳು. ಹತ್ತಿ ನಿಜಕ್ಕೂ ಚರ್ಮಕ್ಕೆ ತಿಳಿಯಿತೋ, ಬರೀ ಕಣ್ಣಿಗೆ ಕಂಡಿತೋ, ಆ ಗಾಬರಿಯಲ್ಲಿ ಅವಳಿಗೇ ಗೊತ್ತಾಗಲಿಲ್ಲ.

"ಇವಳದ್ದು ಅಷ್ಟು ಖಚಿತ ಇಲ್ಲ," ಎಂದರು ಡಾಕ್ಟರು, ಬಾಗಿಲಲ್ಲಿ ನಿಂತಿದ್ದ ನೀಲಾವತಿಯ ಸೋದರಮಾವ ಮುಂಡಪ್ಪನಿಗೆ. "ಆದರೆ ಸುಂದರಿಯದ್ದು ಮಾತ್ರೆಗೂ ಬಗ್ಗಲಿಲ್ಲ, ಮುಟ್ಟಿದ್ದೂ ತಿಳಿಯುವುದಿಲ್ಲ. ಇನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ."

ರೋಗದ ಹೆಸರನ್ನು ಡಾಕ್ಟರು ಹೇಳಲಿಲ್ಲ, ಮಾವ ಕೇಳಲೂ ಇಲ್ಲ. ಕುಷ್ಠ ಎಂಬ ಶಬ್ದವನ್ನು ಆ ಕಾಲದಲ್ಲಿ ಮನೆ ಇರುವವರು ಬಾಯಲ್ಲಿ ಆಡುತ್ತಿರಲಿಲ್ಲ. ದೊಡ್ಡ ರೋಗ ಎನ್ನುತ್ತಿದ್ದರು, ಅದೂ ಧ್ವನಿ ತಗ್ಗಿಸಿ.

ಸುಂದರಿ ಬೆಳ್ತಂಗಡಿಯಿಂದಲೂ ಆಚೆ, ಮಲೆಯ ಬುಡದ ಊರಿನವಳು. ಪುಂಜಾಲಕಟ್ಟೆಯ ಮುಂಡಪ್ಪನ ಮನೆಗೆ ನೀಲಾವತಿಯ ಬಾಣಂತನಕ್ಕೆಂದು ಬಂದವಳು, ಕೂಸಿನ ಮೇಲಿನ ಮಾಯೆಯಿಂದ ಅಲ್ಲಿಯೇ ಉಳಿದಿದ್ದಳು. ಕೂಸು ಅಣ್ಣುವನ್ನು ಕಾಲ ಮೇಲೆ ಮಲಗಿಸಿ ನೀರೆರೆಯುವ ಕೆಲಸ ಅವಳು ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆ ಮಳೆಗಾಲ ಉಟ್ಟ ಬಟ್ಟೆ ಒಣಗಿದ್ದೆಂಬುದೇ ಇಲ್ಲ. ಇಬ್ಬರಿಗೂ ಮೈಮೇಲೆ ಕಲೆ ಎದ್ದಿತು, ಚಕ್ರ ಚಕ್ರವಾಗಿ, ತುರಿಕೆಯೋ ತುರಿಕೆ. ಯಾರಿಂದ ಯಾರಿಗೆ ಹತ್ತಿತೋ ದೇವರಿಗೇ ಗೊತ್ತು. ಮನೆಯವರಿಗೆ ಮಾತ್ರ ಬಹಳ ಚೆನ್ನಾಗಿ ಗೊತ್ತಿತ್ತು, ಸುಂದರಿಯೇ ತಂದದ್ದು!

ಡಾಕ್ಟರು ರಮಾನಾಥರು ಮೂಡಬಿದ್ರಿಯವರು, ಮದ್ರಾಸಿನಲ್ಲಿ ಕಲಿತವರು, ಮಡಂತ್ಯಾರಿನಲ್ಲಿ ಸ್ವಂತ ಆಸ್ಪತ್ರೆ ಇಟ್ಟವರು. ಮೊದಲ ದಿನ ಕಲೆ ನೋಡಿದಾಗ ಅವರು ನಕ್ಕೇ ಬಿಟ್ಟಿದ್ದರು.

"ಇದಕ್ಕೆ ಇಷ್ಟು ಹೆದರುವುದಾ? ಗಜಕರ್ಣ. ಉಪ್ಪಿನಕಾಯಿಗೆ ಬೂಸ್ಟು ಹಿಡಿಯುವುದಿಲ್ವಾ, ಅದೇ ಜಾತಿಯದ್ದು ಚರ್ಮಕ್ಕೆ ಹಿಡಿದದ್ದು. ಮೊದಲೆಲ್ಲ ಮುಲಾಮು ಹಚ್ಚಿ ಹಚ್ಚಿ ಸಾಕಾಗ್ತಿತ್ತು. ಈಗ ನುಂಗುವ ಮಾತ್ರೆ ಬಂದಿದೆ, ಗ್ರಿಸಿಯೋಫುಲ್ವಿನ್ ಅಂತ. ಒಳಗಿಂದಲೇ ಕೊಲ್ತದೆ. ಮನೆಯಲ್ಲಿ ಕೂಸು ಉಂಟಲ್ಲ, ಅದಕ್ಕೆ ಹತ್ತುವುದು ಬೇಡ. ಗುಣ ಆಗುವವರೆಗೆ ಇಬ್ಬರೂ ಇಲ್ಲೇ ಇರಲಿ."

ಮಂಗಳೂರಿನಿಂದ ತರಿಸಿದ ಹೊಸ ಮಾತ್ರೆ. ಅವರು ಅದನ್ನು ಕೊಟ್ಟದ್ದು ಈ ಇಬ್ಬರಿಗೇ ಮೊದಲು.

"ಪಥ್ಯ ಎಂತ ಡಾಕ್ಟ್ರೆ?" ಎಂದು ಕೇಳಿದವಳು ಕುಸುಮ ದೊಡ್ಡಮ್ಮ, ನೀಲಾವತಿಯ ತಾಯಿಯ ಅಕ್ಕ. ತಾಯಿ ಇಲ್ಲದ ನೀಲಾವತಿಗೆ ಎಲ್ಲವೂ ಅವಳೇ.

"ಎಣ್ಣೆ, ತುಪ್ಪ, ತೆಂಗಿನಕಾಯಿ, ಹಾಲು, ಮೀನು, ಮಾಂಸ, ಒಂದೂ ಬೇಡ. ಗಂಜಿ, ಉಪ್ಪು. ಬೇಕಾದ್ರೆ ಬೇಯಿಸಿದ ತರಕಾರಿ."

ದೊಡ್ಡಮ್ಮನ ಮುಖ ಅರಳಿತು. ಹೀಗೆ ಖಂಡಿತವಾಗಿ ಪಥ್ಯ ಹೇಳುವ ಡಾಕ್ಟರೆಂದರೆ ಅವಳಿಗೆ ದೇವರ ಸಮಾನ. ಆಸ್ಪತ್ರೆಯ ಹಿಂದಿನ ಚಪ್ಪರದಲ್ಲಿ ರೋಗಿಗಳ ಕಡೆಯವರು ಒಲೆ ಹಾಕಿಕೊಳ್ಳುವ ರೂಢಿ. ದೊಡ್ಡಮ್ಮನೂ ಒಂದು ಮೂಲೆ ಹಿಡಿದು ಇಬ್ಬರಿಗೂ ಗಂಜಿ ಬೇಯಿಸಲು ಕೂತಳು. ಪಾತ್ರೆಗೆ ಹಳೆಯ ಎಣ್ಣೆಯ ಪಸೆ ಇದ್ದೀತೆಂದು ಬೂದಿ ಹಾಕಿ ಮೂರು ಸಲ ತಿಕ್ಕುತ್ತಿದ್ದಳೆಂದರೆ ನೋಡಿ! ತಲೆಗೂ ಎಣ್ಣೆ ಮುಟ್ಟಿಸಲಿಲ್ಲ. ಒಂದು ದಿನ ನೀಲಾವತಿ ಒಣಮೀನಿನ ತುಂಡೊಂದು ಕೇಳಿದ್ದಕ್ಕೆ, "ಕೂಸಿನ ಮುಖ ನೋಡ್ಬೇಕಾ ಬೇಡ್ವಾ ನಿನಗೆ?" ಎಂದು ಬಿಟ್ಟಳು. ಆಮೇಲೆ ನೀಲಾವತಿ ಯಾವುದನ್ನೂ ಕೇಳಲಿಲ್ಲ.

ಇಷ್ಟೆಲ್ಲ ಮಾಡಿದರೂ ಕಲೆ ಜಗ್ಗಲಿಲ್ಲ. ಹೊಟ್ಟೆಯಲ್ಲಿದ್ದದ್ದು ಕುತ್ತಿಗೆಗೆ ಏರಿತು. ಡಾಕ್ಟರ ನಗು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಇಷ್ಟು ಒಳ್ಳೆಯ ಮಾತ್ರೆಗೆ ಬಗ್ಗದ್ದು ಗಜಕರ್ಣವಾಗಿರಲು ಸಾಧ್ಯವಿಲ್ಲ ಎಂದು ಅವರ ಲೆಕ್ಕ. ಹಾಗಾದರೆ ಮತ್ತೇನು? ಹತ್ತಿ ಹೊಸೆದುಕೊಂಡು ಬಂದದ್ದು ಆವಾಗ.

ಸುಂದರಿಯ ಗಂಡ ಧರ್ಣಪ್ಪನನ್ನು ಕರೆಸಿದರು. ಅವನು ಅಂಗಳದಲ್ಲೇ ನಿಂತು, ಅವಳನ್ನು ಕಳಿಸುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಹೆಂಡತಿಯ ಮುಖವನ್ನೂ ನೋಡದೆ ಬಸ್ಸು ಹತ್ತಿದ. ತೋಡಾರಿನ ಗುಡ್ಡೆಯ ಮೇಲೆ ಆ ರೋಗದವರನ್ನು ಇಡುವ ಆಸ್ಪತ್ರೆಯೊಂದಿತ್ತು. ಅಲ್ಲಿಂದ ವ್ಯಾನು ಬಂತು. ನೀಲಾವತಿಯನ್ನೂ ಅದರಲ್ಲೇ ಕಳಿಸಬೇಕಿತ್ತು, ಆದರೆ ಮುಂಡಪ್ಪ ಮಾವ ಡಾಕ್ಟರ ಕೈ ಹಿಡಿದುಕೊಂಡರು. "ಇನ್ನೊಂದು ಸುತ್ತು ಮಾತ್ರೆ ಕೊಟ್ಟು ನೋಡುವ ಡಾಕ್ಟ್ರೆ." ಡಾಕ್ಟರು ಒಪ್ಪಿದರು. ದೊಡ್ಡ ಮನೆಯವರಿಗೆ ಇನ್ನೊಂದು ಸುತ್ತು ಸಿಗುತ್ತದೆ, ಕೆಲಸದವಳಿಗೆ ವ್ಯಾನು. ಲೋಕ ಇರುವುದೇ ಹಾಗೆ, ಯಾರಿಗೆ ಹೇಳುವುದು!

ಹೋಗುವಾಗ ಸುಂದರಿ ಕೋಣೆಯ ಬಾಗಿಲಲ್ಲಿ ನಿಂತಳು. "ನೀಲಕ್ಕ, ಅಣ್ಣುವಿನ ಕಿವಿಯೊಳಗೆ ನೀರು ಹೋಗದ ಹಾಗೆ ಮೀಯಿಸ್ಲಿಕ್ಕೆ ಹೇಳಿ. ಅದಕ್ಕೆ ಬೇಗ ಶೀತ ಆಗ್ತದೆ," ಎಂದಳು. ನೀಲಾವತಿ ತಲೆ ಎತ್ತಲಿಲ್ಲ. ತಾನು ಕಣ್ಣು ತೆರೆದು ಗೆದ್ದೆ, ಇವಳು ಕಣ್ಣು ಮುಚ್ಚಿ ಸೋತಳು ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಅಂದಿನಿಂದ ಹೆದರಿಕೆ ಎಂಬುದು ಅವಳ ಜೊತೆಗೇ ಎದ್ದು ಜೊತೆಗೇ ಮಲಗತೊಡಗಿತು. ರಸ್ತೆಯಲ್ಲಿ ಮೋಟಾರಿನ ಸದ್ದು ಕೇಳಿದರೆ ವ್ಯಾನು ಬಂತೆಂದು ಮಂಚದ ಸರಳು ಹಿಡಿದುಕೊಳ್ಳುತ್ತಿದ್ದಳು. ಮಾವ ಒಮ್ಮೊಮ್ಮೆ ಅಣ್ಣುವನ್ನು ಎತ್ತಿಕೊಂಡು ಬಂದು ಗೇಟಿನಿಂದಲೇ ತೋರಿಸುತ್ತಿದ್ದರು. ಮೊದಮೊದಲು ಕೂಸು ಕೈಚಾಚಿ ಅಳುತ್ತಿತ್ತು. ಈಚೆಗೆ ಅಳುವುದೂ ಇಲ್ಲ, ಕೈಚಾಚುವುದೂ ಇಲ್ಲ. ಯಾರೋ ಹೆಂಗಸು ಕಿಟಕಿಯಲ್ಲಿ ನಿಂತಿದ್ದಾಳೆ ಎನ್ನುವ ಹಾಗೆ ನೋಡಿ, ಮಾವನ ಶಾಲಿನ ತುದಿ ಚೀಪುತ್ತಿತ್ತು. ಅಂಥ ಒಂದು ದಿನ ನೀಲಾವತಿ ಗೋಡೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ತೋಡಾರಿನ ಗುಡ್ಡೆ ಹತ್ತಿದವರನ್ನು ಕೂಸುಗಳು ಮರೆಯಲು ಎಷ್ಟು ಹೊತ್ತು ಬೇಕು?

ಅವಳು ಅಳುವುದು ಕೇಳಿ ಕಿಟಕಿಗೆ ಬಂದವಳು ಸೌದಾ. ಅವಳ ತಾಯಿ ರುಖಿಯಮ್ಮ ತೊಡೆಯ ಎಲುಬು ಮುರಿದುಕೊಂಡು ಮುಂದಿನ ವಾರ್ಡಿನಲ್ಲಿ ಮಲಗಿದ್ದಳು. ಸೌದಾ ಬಾವಿಗೆ ಹೋಗುವ ದಾರಿ ಈ ಕಿಟಕಿಯ ಬುಡದಲ್ಲೇ.

"ಎಂತಕ್ಕಕ್ಕ ಅಳುವುದು? ಊಟ ಆಯ್ತಾ?" ಎಂದಳು.

"ಗಂಜಿ," ಎಂದಳು ನೀಲಾವತಿ.

"ಬರೀ ಗಂಜಿಯಾ? ಅಳದೆ ಇರುವುದು ಹೇಗೆ ಮತ್ತೆ!" ಸೌದಾ ಕೈಯಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದಳು. ತುಪ್ಪದಲ್ಲಿ ಹುರಿದ ನೀರುಳ್ಳಿಯ ಘಮ. ತುಪ್ಪದನ್ನ, ಒಂದೊಂದು ಅಗುಳೂ ಮಿರಮಿರ. "ಉಮ್ಮನಿಗೆ ಅಂತ ತಂದದ್ದು. ಅವರು ಮಲಗಿದಲ್ಲೇ ಎರಡು ತುತ್ತು ತಿಂದು ಬೇಡ ಅಂತಾರೆ. ನಾಯಿಗೆ ಹಾಕುವುದಕ್ಕಿಂತ ನೀವು ತಿನ್ನಿ."

ಪಥ್ಯ ಮುರಿಯುವುದು ಒಂದು, ಬ್ಯಾರಿಗಳ, ಅಂದರೆ ಮುಸಲ್ಮಾನರ ಮನೆಯ ಅನ್ನ ಇನ್ನೊಂದು. ಮಾವನಿಗೆ ಗೊತ್ತಾದರೆ ಮನೆಯ ಮೆಟ್ಟಿಲು ಹತ್ತಿಸಲಿಕ್ಕಿಲ್ಲ. ಆದರೆ ನೀಲಾವತಿಗೆ ಅನಿಸಿತು, ಹೇಗೂ ಹೋಗುವವಳು ನಾನು, ಹೊಟ್ಟೆ ತುಂಬಾ ತಿಂದೇ ಹೋಗುವ. ಸರಳಿನ ಸಂದಿಯಲ್ಲಿ ಕೈ ಹಾಕಿದಳು. ತಿನ್ನುತ್ತಾ ತಿನ್ನುತ್ತಾ ಕಣ್ಣೀರೂ ಬಾಯಿಗೆ ಹೋಯಿತು. ತಿಂದಾದ ಮೇಲೆ ಮಧ್ಯಾಹ್ನದ ಮಾತ್ರೆ ನುಂಗಿದಳು. ನುಂಗಿದ ಮೇಲೆ ಹೆದರಿಕೆ ಶುರುವಾಯಿತು ನೋಡಿ! ಅಯ್ಯೋ ದೇವರೇ, ಇದ್ದ ಒಂದು ದಾರಿಯನ್ನೂ ಕೈಯಾರೆ ಮುಚ್ಚಿಕೊಂಡೆನಲ್ಲ, ಒಂದು ಹಿಡಿ ತುಪ್ಪದನ್ನಕ್ಕೆ ಕೂಸನ್ನು ಮಾರಿದೆನಲ್ಲ ಎಂದುಕೊಂಡಳು.

ಹೆದರಿದವಳು ಮರುದಿನ ತಿನ್ನಲಿಲ್ಲವೇ? ತಿಂದಳು. ಅದರ ಮರುದಿನವೂ ತಿಂದಳು. ಹಸಿವಿಗೆ ಒಮ್ಮೆ ರುಚಿ ಗೊತ್ತಾದರೆ ಅದು ಯಾರ ಮಾತೂ ಕೇಳುವುದಿಲ್ಲ. ತಿಂದು ಪೇರಳೆ ಎಲೆ ಜಗಿದು ಬಾಯಿ ತೊಳೆಯುತ್ತಿದ್ದಳು. ಒಮ್ಮೆ ದೊಡ್ಡಮ್ಮ ಗಂಜಿ ಇಡುತ್ತಾ ಮೂಗು ಅರಳಿಸಿ, "ತುಪ್ಪದ ವಾಸನೆ ಎಲ್ಲಿಂದ?" ಎಂದಳು. ನೀಲಾವತಿ ಬಾಯಿ ಒರೆಸಿಕೊಂಡಳು.

"ಆ ಕಡೆ ವಾರ್ಡಿಂದ," ಎಂದಳು.

"ನೀನು ಆ ಕಿಟಕಿ ಹಾಕಿಕೊಂಡು ಕೂತ್ಕೋ. ವಾಸನೆ ಹೋದ್ರೂ ಪಥ್ಯ ಕೆಡ್ತದೆ," ಎಂದು ದೊಡ್ಡಮ್ಮ ತಾನೇ ಕಿಟಕಿ ಎಳೆದಳು. ಅವಳು ಅತ್ತ ಹೋದ ಮೇಲೆ ನೀಲಾವತಿ ಮತ್ತೆ ತೆರೆದಳು.

ಹೀಗಿರುವಾಗ ಒಂದು ಬೆಳಿಗ್ಗೆ ಎದ್ದವಳಿಗೆ ಏನೋ ಕಳೆದುಹೋದ ಹಾಗೆ ಅನಿಸಿತು. ಏನೆಂದು ತಕ್ಷಣ ಹೊಳೆಯಲಿಲ್ಲ. ಮುಖ ತೊಳೆಯುವಾಗ ಹೊಳೆಯಿತು. ತುರಿಕೆ! ಮೈಯಲ್ಲಿ ತುರಿಕೆಯೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ನೀಲಾವತಿ ಅಲ್ಲಿಯೇ ಕುಸಿದು ಕೂತಳು. ದೊಡ್ಡ ರೋಗದವರಿಗೆ ಚರ್ಮ ಸತ್ತಿರುತ್ತದೆ, ಕೊಳ್ಳಿ ಇಟ್ಟರೂ ತಿಳಿಯುವುದಿಲ್ಲ ಎಂದು ಎಷ್ಟು ಸಲ ಕೇಳಿಲ್ಲ ಅವಳು! ಪಥ್ಯ ಮುರಿದೆ, ರೋಗ ಒಳಗೆ ಹೋಯಿತು, ಚರ್ಮ ಸತ್ತಿತು. ರವಿಕೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ತೋಳಿನ ಕಲೆಯ ನಡುವೆ ಇಟ್ಟಳು. ಒತ್ತಲು ಧೈರ್ಯ ಬರಲಿಲ್ಲ. ಈ ಸಲ ಕದ್ದು ನೋಡುವ ಹಾಗಿಲ್ಲವಲ್ಲ, ತಿಳಿದರೆ ತಿಳಿಯಿತು, ಇಲ್ಲದಿದ್ದರೆ ಇಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ ಒತ್ತಿದಳು.

"ಅಮ್ಮಾ!"

ನೋವಾಯಿತು. ರಕ್ತದ ಹನಿಯೂ ಬಂತು. ಅವಳು ಅಳುತ್ತಾ ನಗುತ್ತಾ ಇನ್ನೊಂದು ಕಲೆಗೆ ಚುಚ್ಚಿಕೊಂಡಳು, ಮತ್ತೊಂದಕ್ಕೆ ಚುಚ್ಚಿಕೊಂಡಳು. ಎಲ್ಲ ಕಡೆ ನೋವೇ. ಆಮೇಲೆ ನೋಡುತ್ತಾಳೆ, ಕಲೆಯ ಕೆಂಪು ಅಂಚು ಎಲ್ಲಿ ಹೋಯಿತು? ಬರೀ ಕಂದು ಗುರುತು ಉಳಿದಿದೆ.

ಡಾಕ್ಟರು ಬಂದು, ತೋಳು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಎಷ್ಟೋ ಕಾಲದ ಮೇಲೆ ನಕ್ಕರು. "ಗಜಕರ್ಣವೇ! ನಾನು ಮೊದಲೇ ಹೇಳಿರ್ಲಿಲ್ವಾ?" ಇನ್ನೂ ಸ್ವಲ್ಪ ಕಾಲ ಮಾತ್ರೆ ಕೊಟ್ಟು, ಕಲೆ ಪೂರ್ತಿ ಮಾಸಿದ ಮೇಲೆ ಮನೆಗೆ ಹೋಗಬಹುದು ಎಂದರು. ದೊಡ್ಡಮ್ಮ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಹೇಳಿಕೊಂಡು ಬಂದಳು. "ಪಥ್ಯ! ಪಥ್ಯ ಅಂದ್ರೆ ಹೀಗೆ ಮಾಡ್ಬೇಕು. ಒಂದು ತೊಟ್ಟು ಎಣ್ಣೆ ಮುಟ್ಟಿಸ್ಲಿಲ್ಲ ನಾನು."

ನೀಲಾವತಿಗೆ ಖುಷಿಯಾಯಿತೇ? ಆಯಿತು, ಸುಳ್ಳು ಯಾಕೆ. ಆದರೆ ಆ ಖುಷಿಯ ಅಡಿಯಲ್ಲಿ ಒಂದು ಹೊಸ ಹೆದರಿಕೆ ಏಳತೊಡಗಿತು, ಇದು ಹಳೆಯದಕ್ಕಿಂತ ಕೆಟ್ಟದ್ದು. ಸುಂದರಿ ನುಂಗಿದ್ದೂ ಇದೇ ಮಾತ್ರೆ. ಸುಂದರಿ ಕುಡಿದದ್ದೂ ಇದೇ ಗಂಜಿ. ಅವಳು ಇದ್ದಷ್ಟು ಕಾಲ ಇಬ್ಬರ ಕಲೆಯೂ ಒಂದೇ ಹಾಗಿತ್ತು. ಅವಳು ಹೋದ ಮೇಲೆ ಬದಲಾದದ್ದು ಏನು? ತುಪ್ಪದನ್ನ ಒಂದೇ. ಪಥ್ಯ ಮಾಡಿದವಳು ಗುಡ್ಡೆ ಹತ್ತಿದಳು, ಮುರಿದವಳಿಗೆ ಗುಣವಾಯಿತು. ಈ ಮಾತನ್ನು ಹೇಳಿದರೆ? ಮಾವ ಏನು ಮಾಡುತ್ತಾರೋ, ಅಣ್ಣುವನ್ನು ಕೈಗೆ ಕೊಡುತ್ತಾರೋ ಇಲ್ಲವೋ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಹೇಳಲಿಲ್ಲ. ಇಂದು ಬೇಡ, ನಾಳೆ ಎಂದುಕೊಂಡಳು. ನಾಳೆ ಬಂದಾಗ ಮತ್ತೆ ನಾಳೆ.

ಮನೆಗೆ ಹೋಗುವ ದಿನ ಬಾಡಿಗೆ ಕಾರು ಬಂತು. ಮಾವ ಅಣ್ಣುವನ್ನು ಎತ್ತಿಕೊಂಡು ಕೋಣೆಯ ಒಳಗೇ ಬಂದರು. ಡಾಕ್ಟರೂ ದೊಡ್ಡಮ್ಮನೂ ಅಲ್ಲೇ ಇದ್ದರು. "ತೆಗೊ, ನಿನ್ನ ಮಗ," ಎಂದು ಮಡಿಲಿಗೆ ಇಟ್ಟರು. ಅಣ್ಣು ಮುಖ ಸಣ್ಣ ಮಾಡಿದ, ಆಮೇಲೆ ಅವಳ ಕುತ್ತಿಗೆಯ ಹತ್ತಿರ ಮೂಸಿ, ಅಲ್ಲಿಯೇ ತಲೆ ಇಟ್ಟ. ನೀಲಾವತಿ ಅವನ ಕಿವಿಯನ್ನು ನೋಡಿದಳು. ಅಷ್ಟು ಹೊತ್ತು ಗಟ್ಟಿ ಹಿಡಿದಿದ್ದದ್ದೆಲ್ಲ ಒಡೆದು ಬಂತು.

"ಡಾಕ್ಟ್ರೆ, ನಾನು ಪಥ್ಯ ಮಾಡ್ಲಿಲ್ಲ," ಎಂದಳು.

ಎಲ್ಲರೂ ತಿರುಗಿದರು.

"ಸುಂದರಿ ಹೋದ ಮೇಲೆ ದಿನಾ ಮಧ್ಯಾಹ್ನ ಸೌದಾ ಕೊಟ್ಟ ತುಪ್ಪದನ್ನ ತಿಂದೆ. ತಿಂದ ಮೇಲೆಯೇ ಮಾತ್ರೆ ನುಂಗಿದ್ದು. ಅದರ ನಂತರವೇ ಗುಣ ಆದದ್ದು. ಮತ್ತೆ ಆ ದಿವಸ ನೀವು ಹತ್ತಿ ಮುಟ್ಟಿಸುವಾಗ ನಾನು ಕಣ್ಣು ಮುಚ್ಚಿರ್ಲಿಲ್ಲ. ನೋಡಿ ನೋಡಿ ಹೌದು ಅಂದದ್ದು. ಸುಂದರಿಗೆ ತಿಳೀದೆ ಇದ್ದದ್ದಲ್ಲ ಡಾಕ್ಟ್ರೆ, ಹೆದರಿ ಬಾಯಿ ಬರ್ಲಿಲ್ಲ ಅವಳಿಗೆ. ಅಳ್ತಾ ಇದ್ದಳು ಅವಳು, ನಾನು ನೋಡಿದ್ದೇನೆ."

ಮುಂಡಪ್ಪ ಮಾವನ ಮುಖ ಕೆಂಪೇರಿತು. "ಯಾರ ಮನೆಯ ಅನ್ನ ತಿಂದೆ ಅಂದಿ?"

"ನೀನು ಸಾಕು ಮಾಡು ಮುಂಡಪ್ಪ," ಎಂದಳು ದೊಡ್ಡಮ್ಮ. ತಮ್ಮನಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅವಳ ಕಣ್ಣು ಡಾಕ್ಟರ ಮೇಲಿತ್ತು. ಡಾಕ್ಟರು ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು.

"ಮಾತ್ರೆ ರಕ್ತಕ್ಕೆ ಸೇರ್ಲಿಕ್ಕೆ ಜಿಡ್ಡು ಬೇಕೋ ಏನೋ," ಎಂದರು ತಮಗೆ ತಾವೇ. "ನನಗೆ ಗೊತ್ತಿಲ್ಲ. ಮಾತ್ರೆಯ ಜೊತೆ ಬಂದ ಕಾಗದದಲ್ಲಿ ಅದರ ಸುದ್ದಿಯೇ ಇರ್ಲಿಲ್ಲ."

"ಹಾಗಾದ್ರೆ ಪಥ್ಯ ಯಾಕೆ ಹೇಳಿದ್ದು ನೀವು?" ದೊಡ್ಡಮ್ಮ ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲರಿಗೂ ಬೇಕಾದ್ದು ತಿನ್ನಿ ಅಂತಿದ್ದೆ. ಪಥ್ಯ ಇಲ್ಲದ ಮದ್ದು ಮದ್ದೇ ಅಲ್ಲ ಅಂತ ಜನ ಮಾತ್ರೆಯನ್ನು ತೋಡಿನ ನೀರಿಗೆ ಬಿಸಾಡಿ ಹೋದ್ರು. ಹಾಗೆ ಆಮೇಲೆ ಎಲ್ಲದಕ್ಕೂ ಇದೇ ಪಥ್ಯ ಹೇಳ್ತಾ ಬಂದೆ. ಮದ್ದಿಗೆ ಬೇಕಾಗಿ ಅಲ್ಲಮ್ಮ. ನೀವು ನಂಬಬೇಕು ಅಂತ. ಸುಮ್ಮನೆ."

"ಸುಮ್ಮನೆ," ಎಂದಳು ದೊಡ್ಡಮ್ಮ. ಬೂದಿ ಹಾಕಿ ಮೂರು ಸಲ ಪಾತ್ರೆ ತಿಕ್ಕಿದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ ಸೀದಾ ಮುಂದಿನ ವಾರ್ಡಿಗೆ ಹೋಗಿ, "ಸೌದಾ, ಇವತ್ತಿನ ಅನ್ನ ಉಂಟಾ? ತುಪ್ಪ ಇನ್ನಷ್ಟು ಇದ್ರೆ ಅದನ್ನೂ ಕೊಡು," ಎಂದು ಕೇಳಿದಳು.

ಕಾರು ಪುಂಜಾಲಕಟ್ಟೆಗೆ ಹೋಗಲಿಲ್ಲ, ಡಾಕ್ಟರನ್ನೂ ಕೂರಿಸಿಕೊಂಡು ಮೂಡಬಿದ್ರಿಯ ದಾರಿಯಾಗಿ ತೋಡಾರಿಗೆ ಹೋಯಿತು. ಮಾವ ಅಣ್ಣುವನ್ನು ಎತ್ತಿಕೊಂಡು ಗುಡ್ಡೆಯ ಕೆಳಗೆ ಉಳಿದರು, ಮುಖ ಊದಿಸಿಕೊಂಡೇ. ಮೇಲೆ, ಅಲ್ಲಿನ ವೈದ್ಯರಿಗೂ ಅನುಮಾನವೇ ಇತ್ತಂತೆ. ಸುಂದರಿಯ ಕಲೆಯಿಂದ ತೆಗೆದು ನೋಡಿದ್ದರಲ್ಲಿ ಆ ರೋಗದ ಹುಳ ಒಂದೂ ಕಂಡಿರಲಿಲ್ಲ. ಇವರ ಮಾತು ಕೇಳಿ, ಕರೆದುಕೊಂಡು ಹೋಗಿ ಎಂದು ಅವರೂ ಒಪ್ಪಿದರು.

ಸುಂದರಿ ಜಗಲಿಯ ತುದಿ ಕೋಣೆಯಲ್ಲಿದ್ದಳು. ಕೆನ್ನೆಯ ಎಲುಬು ಎದ್ದಿತ್ತು. ಕಲೆ ಮುಖದವರೆಗೆ ಬಂದಿತ್ತು. ಡಾಕ್ಟರನ್ನು ಕಂಡದ್ದೇ ದಡಬಡ ಎದ್ದು ನಿಂತಳು.

"ಪಥ್ಯ ನಾನು ಬಿಡ್ಲಿಲ್ಲ ಡಾಕ್ಟ್ರೆ," ಎಂದಳು, ಯಾರೂ ಕೇಳುವುದಕ್ಕೆ ಮೊದಲೇ. "ಇಲ್ಲಿ ಮೀನಿನ ಸಾರು ಹಾಕ್ತಾರೆ. ನಾನು ಅನ್ನವನ್ನು ನೀರಲ್ಲಿ ತೊಳೆದು ತಿನ್ನುವುದು. ನೀವು ಹೇಳಿದ ಹಾಗೆಯೇ. ಸರಿಯಾಗಿ ಮಾಡಿದ್ರೆ ವಾಪಾಸು ಕಳಿಸ್ತೀರಲ್ಲ?"

ನೀಲಾವತಿ ನೆಲಕ್ಕೆ ಕೂತು ಪಾತ್ರೆಯ ಮುಚ್ಚಳ ತೆಗೆದಳು. ದೊಡ್ಡಮ್ಮ ಮೇಲಿನಿಂದ ತುಪ್ಪ ಸುರಿದಳು. ಸುಂದರಿ ಗೋಡೆಗೆ ಆತುಕೊಂಡು ಹಿಂದೆ ಸರಿದಳು.

"ಬೇಡ ನೀಲಕ್ಕ! ಇದು ತಿಂದ್ರೆ ಮತ್ತೆ ನನ್ನನ್ನು ಬಿಡ್ಲಿಕ್ಕಿಲ್ಲ!"

"ನನ್ನ ಕೈ ನೋಡು," ಎಂದಳು ನೀಲಾವತಿ. ತೋಳು ಚಾಚಿದಳು. ಸುಂದರಿ ಆ ನುಣುಪು ತೋಳನ್ನು ನೋಡಿದಳು, ತನ್ನ ತೋಳನ್ನು ನೋಡಿದಳು, ಡಾಕ್ಟರನ್ನು ನೋಡಿದಳು.

"ತಿನ್ನಮ್ಮ," ಎಂದರು ಡಾಕ್ಟರು. "ಪಥ್ಯ ನಾನು ತಪ್ಪಿ ಹೇಳಿದ್ದು. ತಿಂದ ಮೇಲೆ ಆ ಮಾತ್ರೆಯನ್ನೇ ಮತ್ತೆ ಕೊಡ್ತೇನೆ."

ಅದನ್ನು ಅವಳು ನಂಬಿದಂತೆ ಕಾಣಲಿಲ್ಲ. ಆದರೂ ನೀಲಾವತಿ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಾಗ ಬಾಯಿ ತೆರೆದಳು. ಕಣ್ಣು ಡಾಕ್ಟರ ಮುಖದಿಂದ ಕದಲಲಿಲ್ಲ, ಈಗ ಗದರುತ್ತಾರೆ, ಈಗ ಗದರುತ್ತಾರೆ ಎಂದು ಕಾಯುತ್ತಿದ್ದಳು. ಒಂದೊಂದು ತುತ್ತನ್ನೂ ಹೆದರಿಕೊಂಡೇ ನುಂಗಿದಳು.